ಮನೆಯ ಹಳೆ ಎಣ್ಣೆ ಟ್ಯಾಂಕ್ ಖಾಲಿಯಾಗಿದ್ದರೆ ಅಪಾಯವಿಲ್ಲವೇ? ಕತ್ತರಿಸಿ ಗುಜರಿಗೆ ಹಾಕುವ ಮುನ್ನ ಇದನ್ನು ಓದಿ

ಅಮೆರಿಕದಲ್ಲಿ ಮನೆ ಕೊಂಡ ಮಗನೋ ಮಗಳೋ ವಿಡಿಯೋ ಕಾಲ್‌ನಲ್ಲಿ ಮನೆ ತೋರಿಸುವಾಗ ನೆಲಮಾಳಿಗೆಯ ಮೂಲೆಯಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ದೊಡ್ಡ ಕಬ್ಬಿಣದ ಟ್ಯಾಂಕ್ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಅದು ನೀರಿನ ಟ್ಯಾಂಕ್ ಅಲ್ಲ. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಉರಿಸುವ ಹೀಟಿಂಗ್ ಆಯಿಲ್ ತುಂಬಿಡುವ ಟ್ಯಾಂಕ್. ಇಂದಿಗೂ ಅಮೆರಿಕದ ಸುಮಾರು 50 ಲಕ್ಷ ಮನೆಗಳು ಈ ಎಣ್ಣೆಯಿಂದಲೇ ಬೆಚ್ಚಗಾಗುತ್ತವೆ. ಅವುಗಳಲ್ಲಿ ಹೆಚ್ಚಿನವು ನ್ಯೂಯಾರ್ಕ್, ಮ್ಯಾಸಚೂಸೆಟ್ಸ್, ನ್ಯೂಜೆರ್ಸಿ ಮೊದಲಾದ ಈಶಾನ್ಯ ರಾಜ್ಯಗಳಲ್ಲಿವೆ. ನಮ್ಮ ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಊರುಗಳೂ ಅಲ್ಲಿವೆ.

ಗ್ಯಾಸ್ ಅಥವಾ ವಿದ್ಯುತ್ ಹೀಟರ್‌ಗೆ ಬದಲಾದ ಮೇಲೆ ಈ ಟ್ಯಾಂಕ್ ಮೂಲೆಗುಂಪಾಗುತ್ತದೆ. ಆಗ ಶುರುವಾಗುತ್ತದೆ ಬಿಟ್ಟಿ ಸಲಹೆಗಳ ಸುರಿಮಳೆ. "ಖಾಲಿ ಟ್ಯಾಂಕ್ ತಾನೆ, ನಾವೇ ಕತ್ತರಿಸಿ ಗುಜರಿಗೆ ಹಾಕೋಣ", "ನೀರು ತುಂಬಿಸಿ ತೊಳೆದರೆ ಸಾಕು", "ಮಣ್ಣಿನ ಕೆಳಗಿದ್ದರೆ ಹಾಗೇ ಬಿಟ್ಟುಬಿಡಿ". ಈ ಮಾತುಗಳಲ್ಲಿ ಎಷ್ಟು ಸತ್ಯವಿದೆ? ಒಂದೊಂದಾಗಿ ನೋಡೋಣ.

ಹೇಳಿಕೆ 1: ಟ್ಯಾಂಕ್ ಖಾಲಿಯಾಗಿದ್ದರೆ ಬೆಂಕಿಯ ಭಯವಿಲ್ಲ

ಇದು ತಪ್ಪು. ಇಲ್ಲಿರುವ ಸುಳ್ಳುಗಳಲ್ಲಿ ಜೀವಕ್ಕೆ ಹೆಚ್ಚು ಅಪಾಯಕಾರಿ ಇದೇ.

ಹೀಟಿಂಗ್ ಆಯಿಲ್ ಹೆಚ್ಚುಕಡಿಮೆ ಡೀಸೆಲ್ಲೇ. ತೆರಿಗೆ ಇಲ್ಲದ ಎಣ್ಣೆ ಎಂದು ಗುರುತಿಸಲು ಅಲ್ಲಿ ಅದಕ್ಕೆ ಕೆಂಪು ಬಣ್ಣ ಬೆರೆಸಿರುತ್ತಾರೆ, ಅಷ್ಟೇ. ಪೆಟ್ರೋಲ್ ಕೊರೆಯುವ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಹೀಟಿಂಗ್ ಆಯಿಲ್ ಹಾಗಲ್ಲ. ಕನಿಷ್ಠ 38 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾದ ನಂತರವೇ ಅದರ ಆವಿಗೆ ಕಿಡಿ ತಗುಲಿ ಬೆಂಕಿ ಹತ್ತುತ್ತದೆ. ಜನ ಧೈರ್ಯ ಮಾಡುವುದು ಇದೇ ಕಾರಣಕ್ಕೆ.

ಆದರೆ ಗ್ಯಾಸ್ ಕಟರ್‌ನ ಜ್ವಾಲೆ 3000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಗ್ರೈಂಡರ್ ತಗುಲಿದ ಜಾಗದಲ್ಲೂ ಕಬ್ಬಿಣ ಕಾದು ಕಿಡಿ ಸಿಡಿಯುತ್ತದೆ. ಪಂಪ್ ಹಾಕಿ ಎಣ್ಣೆ ತೆಗೆದ ಮೇಲೂ ತಳದಲ್ಲಿ ಅಂಟಾದ ಗಸಿ, ಗೋಡೆಯ ತುಕ್ಕಿನ ಪದರದಲ್ಲಿ ಒಂದಿಷ್ಟು ಎಣ್ಣೆ ಉಳಿದೇ ಇರುತ್ತದೆ. ಶಾಖ ತಗುಲಿದ ಕೂಡಲೇ ಅದು ಆವಿಯಾಗಿ ಒಳಗಿನ ಗಾಳಿಯೊಂದಿಗೆ ಬೆರೆಯುತ್ತದೆ. ಗಾಳಿಯಲ್ಲಿ ಶೇ 1ರಷ್ಟು ಆವಿ ಇದ್ದರೂ ಸ್ಫೋಟಕ್ಕೆ ಸಾಕು.

ತುಂಬಿದ ಟ್ಯಾಂಕಿನಲ್ಲಿ ಎಣ್ಣೆ ಹೆಚ್ಚು, ಗಾಳಿಗೆ ಜಾಗ ಕಡಿಮೆ. ಖಾಲಿ ಟ್ಯಾಂಕಿನಲ್ಲಿ ಉರಿಯಲು ಬೇಕಾದ ಗಾಳಿ ತುಂಬಿಕೊಂಡಿರುತ್ತದೆ. ಆದ್ದರಿಂದಲೇ ಕತ್ತರಿಸುವಾಗ ಖಾಲಿ ಟ್ಯಾಂಕನ್ನು ಹೆಚ್ಚು ನಂಬಬಾರದು. ಟ್ಯಾಂಕುಗಳ ಮೇಲೆ ವೆಲ್ಡಿಂಗ್, ಕಟಿಂಗ್ ಮಾಡುವಾಗ ಕಾರ್ಮಿಕರು ಸಾಯುವುದನ್ನು ತಡೆಯುವುದು ಹೇಗೆಂದು ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ 2010ರಲ್ಲಿ ವಿಶೇಷ ಸೂಚನೆಯನ್ನೇ ಹೊರಡಿಸಿತ್ತು. ಕೆಲಸಕ್ಕೆ ಮೊದಲು ಮತ್ತು ಕೆಲಸ ನಡೆಯುವಾಗ ಒಳಗಿನ ಆವಿಯನ್ನು ಮೀಟರ್‌ನಿಂದ ಅಳೆಯಬೇಕು ಎಂಬುದು ಅದರ ಮುಖ್ಯ ಪಾಠಗಳಲ್ಲೊಂದು. ಮೂಗಿನಿಂದ ವಾಸನೆ ನೋಡಿ ನಿರ್ಧರಿಸುವ ವಿಷಯ ಇದಲ್ಲ.

ಹೇಳಿಕೆ 2: ನೀರು ತುಂಬಿಸಿ ತೊಳೆದರೆ ಸಾಕು

ಇದೂ ಸರಿಯಲ್ಲ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ತೊಳೆದರೆ ತುಕ್ಕಿಗೆ ಅಂಟಿದ ಗಸಿ ಪೂರ್ತಿ ಬಿಡುವುದಿಲ್ಲ. ಬದಲಿಗೆ ನೂರಾರು ಲೀಟರ್ ಎಣ್ಣೆ ಬೆರೆತ ನೀರು ನಿಮ್ಮ ಕೈಯಲ್ಲಿ ಉಳಿಯುತ್ತದೆ. ಅದನ್ನು ಚರಂಡಿಗೋ ಹಿತ್ತಲಿಗೋ ಬಿಡುವಂತಿಲ್ಲ.

ಅನುಭವಸ್ಥರು ಮಾಡುವ ವಿಧಾನವೇ ಬೇರೆ. ಮೊದಲು ಎಣ್ಣೆಯನ್ನು ಪಂಪ್ ಮಾಡಿ ತೆಗೆಯುತ್ತಾರೆ. ನಂತರ ಒಳಗೆ ಗಾಳಿ ಹಾಯಿಸಿ ಆವಿ ಹೊರಹಾಕುತ್ತಾರೆ, ಅಥವಾ ಡ್ರೈ ಐಸ್ ಹಾಕಿ ಇಂಗಾಲದ ಡೈಆಕ್ಸೈಡ್‌ನಿಂದ ಆಮ್ಲಜನಕವನ್ನು ಹೊರತಳ್ಳುತ್ತಾರೆ. ಮೀಟರ್ ಸುರಕ್ಷಿತ ಎಂದ ಮೇಲೆಯೇ ಟ್ಯಾಂಕ್ ತೆರೆದು ಗಸಿ ಬಳಿದು, ಒರೆಸಿ, ಡ್ರಮ್‌ಗೆ ತುಂಬಿ ಅನುಮತಿ ಪಡೆದ ವಿಲೇವಾರಿ ಕೇಂದ್ರಕ್ಕೆ ಕಳಿಸುತ್ತಾರೆ. ಡ್ರೈ ಐಸ್ ಹಾಕಿದ ಟ್ಯಾಂಕಿನೊಳಗೆ ಉಸಿರಾಡಲು ಆಮ್ಲಜನಕ ಇರುವುದಿಲ್ಲ ಎಂಬುದು ನೆನಪಿರಲಿ. ತಲೆ ಒಳಗೆ ಹಾಕಿದರೂ ಪ್ರಾಣಕ್ಕೆ ಕುತ್ತು.

ಹೇಳಿಕೆ 3: ಮಣ್ಣಿನ ಕೆಳಗಿರುವ ಟ್ಯಾಂಕ್ ಹಾಗೇ ಬಿಟ್ಟರೆ ತೊಂದರೆ ಇಲ್ಲ

ಇದು ಜೇಬಿಗೆ ದುಬಾರಿಯಾಗುವ ತಪ್ಪು.

ನೆಲಮಾಳಿಗೆಯ ಸಾಮಾನ್ಯ ಟ್ಯಾಂಕ್ 275 ಗ್ಯಾಲನ್, ಅಂದರೆ ಸುಮಾರು 1040 ಲೀಟರ್ ಹಿಡಿಯುತ್ತದೆ. ಅಂಗಳದಲ್ಲಿ ಹೂತಿಟ್ಟ ಟ್ಯಾಂಕ್‌ಗಳು 550 ಅಥವಾ 1000 ಗ್ಯಾಲನ್‌ನವೂ ಇರುತ್ತವೆ. ಹಗಲು ರಾತ್ರಿಯ ತಾಪದ ಏರಿಳಿತಕ್ಕೆ ಒಳಗಿನ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಎಣ್ಣೆ ನೀರಿಗಿಂತ ಹಗುರ. ಹಾಗಾಗಿ ನೀರು ತಳ ಸೇರಿ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊರಗಿನಿಂದ ಒದ್ದೆ ಮಣ್ಣು ತಿನ್ನುತ್ತದೆ. ತೂತು ಬಿದ್ದರೂ ಮೇಲಿನ ಹುಲ್ಲುಹಾಸಿನಲ್ಲಿ ಸುಳಿವೇ ಸಿಗದಿರಬಹುದು. ಎಣ್ಣೆ ಮಾತ್ರ ಮಣ್ಣಿಗೆ, ಅಲ್ಲಿಂದ ಅಂತರ್ಜಲಕ್ಕೆ ಇಳಿಯುತ್ತಿರುತ್ತದೆ.

ಮನೆಯಲ್ಲೇ ಬಳಸುವ ಹೀಟಿಂಗ್ ಆಯಿಲ್ ಟ್ಯಾಂಕ್‌ಗಳಿಗೆ ಅಮೆರಿಕದ ಕೇಂದ್ರ ಸರ್ಕಾರದ ಭೂಗತ ಟ್ಯಾಂಕ್ ನಿಯಮಗಳಿಂದ ವಿನಾಯಿತಿ ಇದೆ. "ಕಾನೂನೇ ಇಲ್ಲ" ಎಂಬ ತಪ್ಪು ತಿಳಿವಳಿಕೆಗೆ ಇದೇ ಮೂಲ. ನಿಯಮ ಮಾಡುವುದು ಆಯಾ ರಾಜ್ಯ ಮತ್ತು ಊರಿನ ಆಡಳಿತ. ಉದಾಹರಣೆಗೆ ನ್ಯೂಜೆರ್ಸಿಯಲ್ಲಿ ಭೂಗತ ಟ್ಯಾಂಕ್ ತೆಗೆಯಲು ಊರಿನ ಕಟ್ಟಡ ವಿಭಾಗದ ಪರವಾನಗಿ ಬೇಕು. ಸೋರಿಕೆ ಕಂಡರೆ ರಾಜ್ಯದ ಪರಿಸರ ಇಲಾಖೆಗೆ ತಿಳಿಸಲೇಬೇಕು.

ಸೋರದ ಟ್ಯಾಂಕ್ ತೆಗೆಸಲು ಸಾಮಾನ್ಯವಾಗಿ ಕೆಲವು ಸಾವಿರ ಡಾಲರ್ ಆಗುತ್ತದೆ. ಸೋರಿ ಮಣ್ಣು ಕೆಟ್ಟಿದ್ದರೆ ಆ ಮಣ್ಣನ್ನು ಅಗೆದು ಸಾಗಿಸಬೇಕು, ಖರ್ಚು ಹತ್ತಾರು ಸಾವಿರ ಡಾಲರ್‌ಗೆ ಏರಬಹುದು. ಮನೆಯ ವಿಮೆ ಇದೆಯಲ್ಲ ಎನ್ನುತ್ತೀರಾ? ಬಹಳಷ್ಟು ಪಾಲಿಸಿಗಳಲ್ಲಿ ಇಂಥ ಮಾಲಿನ್ಯ ಸೇರಿರುವುದಿಲ್ಲ. ಟ್ಯಾಂಕ್ ಹೂತವರು 50 ವರ್ಷ ಹಿಂದಿನ ಮಾಲೀಕರಾಗಿದ್ದರೂ ಸ್ವಚ್ಛಗೊಳಿಸುವ ಹೊಣೆ ಹೆಚ್ಚಾಗಿ ಈಗಿನ ಮಾಲೀಕರ ತಲೆಗೇ ಬರುತ್ತದೆ.

ಮನೆಯ ಅಡಿಪಾಯಕ್ಕೆ ತಾಗಿಕೊಂಡಂತೆ ಟ್ಯಾಂಕ್ ಇದ್ದು ತೆಗೆಯಲಾಗದಿದ್ದರೆ ಕೆಲವು ಕಡೆ ಅಲ್ಲೇ ಮುಚ್ಚಲು ಅನುಮತಿ ಸಿಗುತ್ತದೆ. ಆಗಲೂ ಎಣ್ಣೆ ತೆಗೆದು, ಒಳಗೆ ಶುಚಿ ಮಾಡಿ, ತೂತು ಇದೆಯೇ ಎಂದು ಪರೀಕ್ಷಿಸಿ, ಮರಳು ಅಥವಾ ಕಾಂಕ್ರೀಟ್ ಮಿಶ್ರಣದಂಥ ವಸ್ತು ತುಂಬಿಸಬೇಕು. ಸುಮ್ಮನೆ ಮುಚ್ಚಳ ಬಿಗಿದು ಮರೆಯುವಂತಿಲ್ಲ.

ಯಾರೂ ಹೇಳದ ಅಪಾಯ: ಗೋಡೆಯಲ್ಲಿ ಉಳಿದ ಪೈಪ್

ನೆಲಮಾಳಿಗೆಯ ಟ್ಯಾಂಕ್‌ಗೆ ಲಾರಿಯಿಂದ ಎಣ್ಣೆ ತುಂಬಲು ಮನೆಯ ಹೊರಗೋಡೆಯಲ್ಲಿ ಒಂದು ಪೈಪ್ ಇರುತ್ತದೆ. ಟ್ಯಾಂಕ್ ತೆಗೆದವರು ಎಷ್ಟೋ ಸಲ ಈ ಪೈಪ್ ಬಿಟ್ಟುಬಿಡುತ್ತಾರೆ. ಮುಂದೊಂದು ದಿನ ಎಣ್ಣೆ ಲಾರಿಯವರು ಪಕ್ಕದ ಮನೆ ಎಂದುಕೊಂಡು ತಪ್ಪಿ ಬಂದು, ಅದೇ ಪೈಪ್‌ಗೆ ಮೆತುನೀರ್ನಳಿಕೆ ಸಿಕ್ಕಿಸಿದರೆ? ಟ್ಯಾಂಕ್ ಇಲ್ಲದ ನೆಲಮಾಳಿಗೆಗೆ ನೂರಾರು ಲೀಟರ್ ಎಣ್ಣೆ ನೇರವಾಗಿ ಸುರಿಯುತ್ತದೆ. ಇದು ಕಟ್ಟುಕಥೆಯಲ್ಲ, ಅಲ್ಲಿ ನಡೆದಿರುವ ಅವಘಡ. ಆದ್ದರಿಂದಲೇ ಟ್ಯಾಂಕ್ ಜೊತೆಗೆ ಎಣ್ಣೆ ತುಂಬುವ ಪೈಪ್ ಮತ್ತು ಗಾಳಿ ಪೈಪ್ ಎರಡನ್ನೂ ತೆಗೆಸಬೇಕು. ಎಣ್ಣೆ ಕಂಪನಿಗೆ ಲಿಖಿತವಾಗಿ ತಿಳಿಸಿ ಸರಬರಾಜು ರದ್ದು ಮಾಡಿಸಬೇಕು.

ಹಾಗಾದರೆ ಸರಿಯಾದ ಕ್ರಮವೇನು?

- ಊರಿನ ಕಟ್ಟಡ ವಿಭಾಗ ಅಥವಾ ಅಗ್ನಿಶಾಮಕ ಕಚೇರಿಯಲ್ಲಿ ಪರವಾನಗಿ ಬೇಕೇ ಎಂದು ಮೊದಲು ವಿಚಾರಿಸಿ.
- ಈ ಕೆಲಸಕ್ಕೆ ಪ್ರಮಾಣಪತ್ರ ಮತ್ತು ವಿಮೆ ಇರುವ ಕಂಪನಿಗೇ ಒಪ್ಪಿಸಿ. ಎರಡು ಮೂರು ಕಡೆ ದರ ಕೇಳಿ.
- ಅಗೆಯುವುದಿದ್ದರೆ ಕೆಲವು ದಿನ ಮುಂಚೆ 811ಕ್ಕೆ ಕರೆ ಮಾಡಿಸಿ. ನೆಲದಡಿಯ ಗ್ಯಾಸ್, ವಿದ್ಯುತ್ ಲೈನ್‌ಗಳನ್ನು ಉಚಿತವಾಗಿ ಗುರುತು ಮಾಡಿಕೊಡುತ್ತಾರೆ.
- ಉಳಿದ ಎಣ್ಣೆ ಒಳ್ಳೆಯದಿದ್ದರೆ ಬೇರೆ ಟ್ಯಾಂಕ್‌ಗೆ ಬಳಸಬಹುದೇ ಎಂದು ಕಂಪನಿಯನ್ನೇ ಕೇಳಿ. ಕೆಟ್ಟ ಎಣ್ಣೆ, ಗಸಿ ವಿಲೇವಾರಿಯಾದದ್ದಕ್ಕೆ ರಸೀದಿ ಪಡೆಯಿರಿ.
- ಭೂಗತ ಟ್ಯಾಂಕ್ ಮೇಲೆತ್ತಿದ ಮೇಲೆ ಗುಂಡಿ ಮುಚ್ಚುವ ಮುನ್ನ ತಪಾಸಣೆ ಆಗಲಿ, ಮಣ್ಣಿನ ಮಾದರಿ ಪ್ರಯೋಗಾಲಯಕ್ಕೆ ಹೋಗಲಿ.
- ಪರವಾನಗಿ, ಪರೀಕ್ಷಾ ವರದಿ, ಗುಜರಿ ರಸೀದಿ, ಫೋಟೋ ಎಲ್ಲವನ್ನೂ ಜೋಪಾನವಾಗಿಡಿ. ಮನೆ ಮಾರುವಾಗ ಕೊಳ್ಳುವವರು ಮೊದಲು ಕೇಳುವ ಕಾಗದಗಳಲ್ಲಿ ಇವೂ ಸೇರಿವೆ.

ಹಳೆ ಮನೆ ಕೊಳ್ಳುವವರಿಗೆ ಇನ್ನೊಂದು ಮಾತು. ಸಾಮಾನ್ಯ ಮನೆ ತಪಾಸಣೆಯಲ್ಲಿ ಭೂಗತ ಟ್ಯಾಂಕ್ ಹುಡುಕಾಟ ಹೆಚ್ಚಾಗಿ ಸೇರಿರುವುದಿಲ್ಲ. ಲೋಹ ಪತ್ತೆ ಯಂತ್ರದಿಂದ ಅಂಗಳ ಹುಡುಕಿಸುವ ಸೇವೆ ಪ್ರತ್ಯೇಕವಾಗಿ ಸಿಗುತ್ತದೆ. ಸಹಿ ಹಾಕುವ ಮುನ್ನವೇ ಅದನ್ನು ಮಾಡಿಸಿ.

ನಮ್ಮ ಊರಿಗೂ ಇದು ಅನ್ವಯಿಸುತ್ತದೆಯೇ?

ಕರ್ನಾಟಕದ ಮನೆಗಳಲ್ಲಿ ಹೀಟಿಂಗ್ ಆಯಿಲ್ ಟ್ಯಾಂಕ್ ಇಲ್ಲ, ನಿಜ. ಆದರೆ ಅಪಾರ್ಟ್‌ಮೆಂಟ್ ಜನರೇಟರ್‌ನ ಡೀಸೆಲ್ ಟ್ಯಾಂಕ್, ಲಾರಿಯ ಇಂಧನ ಟ್ಯಾಂಕ್, ಎಣ್ಣೆ ಅಥವಾ ಥಿನ್ನರ್ ಇದ್ದ ಬ್ಯಾರೆಲ್ ನಮ್ಮಲ್ಲೂ ಇವೆ. ಗ್ಯಾರೇಜ್‌ನಲ್ಲಿ, ಗುಜರಿ ಅಂಗಡಿಯಲ್ಲಿ "ಖಾಲಿಯಾಗಿದೆ, ಒಂದು ವೆಲ್ಡಿಂಗ್ ಹಾಕಿಬಿಡಿ" ಎನ್ನುವ ಮಾತು ನಿತ್ಯ ಕೇಳುತ್ತೇವೆ. ಆವಿಯ ಗುಣ ದೇಶ ನೋಡಿ ಬದಲಾಗುವುದಿಲ್ಲ. ನ್ಯೂಜೆರ್ಸಿಯ ನೆಲಮಾಳಿಗೆಯಲ್ಲಿ ಸಿಡಿಯುವುದು ಪೀಣ್ಯದ ವರ್ಕ್‌ಶಾಪ್‌ನಲ್ಲೂ ಸಿಡಿಯುತ್ತದೆ.

ತೀರ್ಮಾನ

"ಖಾಲಿ ಟ್ಯಾಂಕ್ ಅಪಾಯವಿಲ್ಲ" ಎಂಬ ಮಾತು ಸುಳ್ಳು. ಎಣ್ಣೆ ಹೋದರೂ ಆವಿ ಉಳಿಯುತ್ತದೆ, ಕಣ್ಣಿಗೆ ಕಾಣದಿದ್ದರೂ ಸೋರಿಕೆ ಮುಂದುವರಿಯುತ್ತದೆ. ಹಳೆ ಟ್ಯಾಂಕ್ ತೆಗೆಯುವುದು ರಜಾ ದಿನ ಮನೆಯವರೇ ಸೇರಿ ಮಾಡಿ ಮುಗಿಸುವ ಕೆಲಸವಲ್ಲ. ವಿದೇಶದಲ್ಲಿ ಹಳೆ ಮನೆ ಕೊಂಡವರು, ಇಲ್ಲಿ ವೆಲ್ಡಿಂಗ್ ಅಥವಾ ಗುಜರಿ ಕೆಲಸ ಮಾಡುವವರು ನಿಮ್ಮ ಬಳಗದಲ್ಲಿದ್ದರೆ ಇದನ್ನು ಅವರಿಗೆ ಕಳಿಸಿ.