ಪಿತ್ತಕೋಶದ ಶಸ್ತ್ರಚಿಕಿತ್ಸೆ: ಗೇಣುದ್ದದ ಗಾಯದಿಂದ ಕಿರುರಂಧ್ರದವರೆಗೆ

ಯಕೃತ್ತಿನ ಅಡಿಗೆ ಅಂಟಿಕೊಂಡು ಪಿತ್ತರಸವನ್ನು ಕೂಡಿಡುವ ಪುಟ್ಟ ಚೀಲವೇ ಪಿತ್ತಕೋಶ. ಅದರಲ್ಲಿ ಕಲ್ಲು ಕಟ್ಟಿದಾಗ ಕಲ್ಲನ್ನಷ್ಟೇ ತೆಗೆದರೆ ಸಾಲದು, ಕಲ್ಲು ಹುಟ್ಟುವ ಕೋಶವನ್ನೇ ತೆಗೆಯಬೇಕೆಂದು ವಾದಿಸಿದ ಬರ್ಲಿನ್ನಿನ ಶಸ್ತ್ರವೈದ್ಯ ಕಾರ್ಲ್ ಲಾಂಗೆನ್‌ಬುಖ್, 1882ರ ಜುಲೈ 15ರಂದು 43 ವರ್ಷದ ರೋಗಿಯೊಬ್ಬನಲ್ಲಿ ಅದನ್ನು ಸಾಧಿಸಿ ತೋರಿಸಿದರು. ಅಲ್ಲಿಂದ ಸುಮಾರು ನೂರು ವರ್ಷ, ಪಕ್ಕೆಲುಬಿನ ಕೆಳಗೆ ಗೇಣುದ್ದ ಕೊಯ್ದು, ಒಳಗೆ ಕೈಯಿಟ್ಟು, ಮುಟ್ಟಿ ತಿಳಿದು ಮಾಡುವ ತೆರೆದ ಶಸ್ತ್ರಚಿಕಿತ್ಸೆಯೇ ಈ ರೋಗಕ್ಕೆ ನೆಚ್ಚಿನ ಮಾರ್ಗವಾಗಿತ್ತು.

ಕೀಲ್ ನಗರದ ಸ್ತ್ರೀರೋಗತಜ್ಞ ಕುರ್ಟ್ ಸೆಮ್ ಅವರು ಲ್ಯಾಪರೊಸ್ಕೋಪ್, ಅಂದರೆ ಹೊಟ್ಟೆಯೊಳಗೆ ತೂರಿಸಿ ನೋಡುವ ದರ್ಶಕನಳಿಗೆಯ ನೆರವಿನಿಂದ ಅಪೆಂಡಿಕ್ಸ್ ತೆಗೆದದ್ದನ್ನು ಕಂಡು ಪ್ರೇರಿತರಾದ ಶಸ್ತ್ರವೈದ್ಯ ಎರಿಕ್ ಮ್ಯೂಹೆ, 1985ರ ಸೆಪ್ಟೆಂಬರ್ 12ರಂದು ಜರ್ಮನಿಯ ಬೋಬ್ಲಿಂಗೆನ್ ಎಂಬ ಊರಿನಲ್ಲಿ, ತಾವೇ ರೂಪಿಸಿದ ‘ಗ್ಯಾಲೊಸ್ಕೋಪ್’ ಬಳಸಿ ಪಿತ್ತಕೋಶವನ್ನು ಕಿರುರಂಧ್ರದ ಮೂಲಕ ಹೊರತೆಗೆದರು. ಮರುವರ್ಷ ಅವರು ಇದನ್ನು ಜರ್ಮನ್ ಶಸ್ತ್ರವೈದ್ಯರ ಸಂಘದ ಸಮ್ಮೇಳನದ ಮುಂದಿಟ್ಟಾಗ ದೊರೆತದ್ದು ಅವಹೇಳನವೇ. ಅದೇ ಸಂಘ 1992ರಲ್ಲಿ ಅವರನ್ನು ಪುರಸ್ಕರಿಸಿತಾದರೂ, ಅಷ್ಟರೊಳಗೆ ಕೀರ್ತಿಯ ಬಹುಪಾಲು 1987ರಲ್ಲಿ ಲಿಯಾನ್ ನಗರದಲ್ಲಿ ಇದೇ ಕಾರ್ಯ ಮಾಡಿದ ಫಿಲಿಪ್ ಮೂರೆ ಮತ್ತು ಅವರ ಫ್ರೆಂಚ್ ಸಹವೃತ್ತಿಗಳ ಪಾಲಾಗಿತ್ತು. ಇದು ವೈದ್ಯಕೀಯ ಇತಿಹಾಸ ಮ್ಯೂಹೆಯವರಿಗೆ ಮಾಡಿದ ಅನ್ಯಾಯವೆಂದೇ ಹೇಳಬೇಕು. ಭಾರತದಲ್ಲಿ 1990ರಲ್ಲಿ ಮುಂಬಯಿಯ ತೆಹೆಮ್ಟನ್ ಉದ್ವಾಡಿಯಾ ಈ ವಿಧಾನಕ್ಕೆ ನಾಂದಿ ಹಾಡಿದರು.

ಆದರೆ ನಿಜವಾದ ಪರೀಕ್ಷೆ ಎದುರಾದದ್ದು ಜಟಿಲ ರೋಗದಲ್ಲಿ. ಪಿತ್ತಕೋಶದ ನಾಳ, ಯಕೃತ್ತಿನಿಂದ ಇಳಿಯುವ ಮುಖ್ಯ ಪಿತ್ತನಾಳ ಮತ್ತು ಯಕೃತ್ತಿನ ಅಂಚು, ಈ ಮೂರರ ನಡುವಿನ ಇಕ್ಕಟ್ಟಾದ ಜಾಗಕ್ಕೆ ಕಾಲೊ ತ್ರಿಕೋನವೆಂದು ಹೆಸರು. ಉರಿಯೂತದಿಂದ ಕೋಶವು ಬಾತು, ಸುತ್ತಲಿನ ಪದರಗಳು ಒಂದಕ್ಕೊಂದು ಅಂಟಿ ಗಟ್ಟಿಯಾದಾಗ ಈ ತ್ರಿಕೋನವೇ ಮುಚ್ಚಿಹೋಗಿ, ಮುಖ್ಯನಾಳವು ಕೋಶದ ನಾಳದಂತೆ ಕಂಡು, ಅದಕ್ಕೇ ಕ್ಲಿಪ್ ಬಿದ್ದು ಕತ್ತರಿಯಾಡುವ ಅಪಾಯವಿರುತ್ತದೆ. ಅರ್ಜೆಂಟೀನಾದ ಪಾಬ್ಲೊ ಮಿರಿಜಿ 1948ರಲ್ಲಿ ವಿವರಿಸಿದ ಸ್ಥಿತಿಯಲ್ಲಂತೂ, ಕೋಶದ ಕತ್ತಿನಲ್ಲಿ ಸಿಕ್ಕಿದ ಕಲ್ಲು ಮುಖ್ಯನಾಳವನ್ನು ಒತ್ತಿ ಕಾಮಾಲೆ ತರುವುದಲ್ಲದೆ, ಕೆಲವೊಮ್ಮೆ ಎರಡರ ನಡುವಿನ ಗೋಡೆಯನ್ನೂ ಸವೆಸುತ್ತದೆ. ಆದ್ದರಿಂದ ಮೊದಲ ವರ್ಷಗಳಲ್ಲಿ ತೀವ್ರ ಉರಿಯೂತವಿದ್ದವರನ್ನು ಈ ವಿಧಾನದಿಂದ ಹೊರಗಿಡಲಾಗುತ್ತಿತ್ತು. ಹಾಗಿದ್ದೂ, ವಿಧಾನವು ಹರಡುತ್ತಿದ್ದ ಆ ಕಾಲದಲ್ಲಿ ಪಿತ್ತನಾಳದ ಗಾಯಗಳು ತೆರೆದ ಶಸ್ತ್ರಚಿಕಿತ್ಸೆಯ ಕಾಲಕ್ಕಿಂತ ಹೆಚ್ಚಿದವು.

ಇದಕ್ಕೆ ಉತ್ತರ ದೊರೆತದ್ದು ಉಪಕರಣಕ್ಕಿಂತ ಹೆಚ್ಚಾಗಿ ಶಿಸ್ತಿನಿಂದ. ತ್ರಿಕೋನದ ಕೊಬ್ಬನ್ನೂ ನಾರನ್ನೂ ಬಿಡಿಸಿ, ಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಿ, ಕೋಶವನ್ನು ಸೇರುವ ರಚನೆಗಳು ಎರಡೇ ಎಂಬುದು ಕಣ್ಣಿಗೆ ನಿಚ್ಚಳವಾಗುವವರೆಗೆ ಏನನ್ನೂ ಕತ್ತರಿಸಬಾರದೆಂಬ ನಿಯಮವನ್ನು ಅಮೆರಿಕದ ಸ್ಟೀವನ್ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು 1995ರಲ್ಲಿ ಪ್ರತಿಪಾದಿಸಿದರು. ಆ ನೋಟ ದಕ್ಕದಿದ್ದಲ್ಲಿ ಕೋಶದ ಒಂದಂಶವನ್ನು ಉಳಿಸಿ ಮಿಕ್ಕದ್ದನ್ನಷ್ಟೇ ತೆಗೆಯುವ ಕ್ರಮ ರೂಢಿಗೆ ಬಂದಿತು. ಮುಖ್ಯನಾಳಕ್ಕೆ ಜಾರಿದ ಕಲ್ಲುಗಳಿಗೆ, 1974ರಲ್ಲಿ ಜರ್ಮನಿ ಮತ್ತು ಜಪಾನಿನಲ್ಲಿ ವರದಿಯಾದ, ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ನಾಳದ ಬಾಯನ್ನು ಬಿಡಿಸುವ ಚಿಕಿತ್ಸೆ ಒದಗಿತು. ಹೀಗೆ ತೀವ್ರ ಉರಿಯೂತವೂ ಕಿರುರಂಧ್ರದ ಚಿಕಿತ್ಸೆಗೆ ಒಳಪಟ್ಟಿತಾದರೂ ಲಾಂಗೆನ್‌ಬುಖ್ ತೋರಿದ ದಾರಿ ಮುಚ್ಚಿಲ್ಲ: ಅಗತ್ಯಬಿದ್ದರೆ ಹೊಟ್ಟೆ ತೆರೆದು ಮುಂದುವರಿಯಲು ರೋಗಿಯ ಒಪ್ಪಿಗೆಯನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ಪಡೆಯುವುದು ಇಂದಿಗೂ ರೂಢಿಯಲ್ಲಿದೆ.