ಎಳನೀರಿಗೆ ಬಗ್ಗದ ಉಷ್ಣ

ನಮ್ಮ ಗುಬ್ಬಿ ಕಡೆ ಗಂಡಸರ ಉಚ್ಚೆಗೆ ಸಂಬಂಧಪಟ್ಟ ಎಲ್ಲ ತೊಂದರೆಗೂ ಒಂದೇ ಹೆಸರು: ಉಷ್ಣ. ಉರಿಯುತ್ತಾ? ಉಷ್ಣ. ಸಲೀಸಾಗಿ ಬರಲ್ವಾ? ಉಷ್ಣ. ರಾತ್ರಿ ನಾಲ್ಕು ಸಲ ಎದ್ದು ಹೋಗ್ತಾರಾ? ಅದೂ ಉಷ್ಣವೇ, ಜೊತೆಗೆ ಒಂದಿಷ್ಟು ವಯಸ್ಸು. ಔಷಧಿಯೂ ಒಂದೇ. ತೆಂಗಿನ ಸೀಮೆ ಅಲ್ವಾ, ಒಂದು ಗೊನೆ ಎಳನೀರು ಇಳಿಸಿದರೆ ಆಯ್ತು. ಬೇಸಿಗೆಯಾದರೆ ಬಾರ್ಲಿ ನೀರು.

ಎರಡು ವರ್ಷದ ಹಿಂದೆ ಅಮ್ಮ ಫೋನ್ ಮಾಡಿ, "ನಿಮ್ಮಪ್ಪ ರಾತ್ರಿಯೆಲ್ಲಾ ಎದ್ದೆದ್ದು ಹೋಗ್ತಾರೆ ಕಣೋ, ನಂಗೂ ನಿದ್ದೆ ಇಲ್ಲ" ಅಂದಾಗ ನಾನು ಬೆಂಗಳೂರಿನಿಂದ ತುಮಕೂರಿನ ಕಡೆ ಹೋಗುವ ಸಂಜೆ ರೈಲಿನಲ್ಲಿ ನಿಂತಿದ್ದೆ. ಅಪ್ಪನಿಗೆ ಆಗ 66. ನಾನು ಹೇಳಿದ್ದೇನು? "ಎಳನೀರು ಕುಡಿಸಮ್ಮ." ಹದಿನೈದು ವರ್ಷ ಓದಿ, ಹದಿನಾಲ್ಕು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಪ್ರತಿ ವರ್ಷ ಕೊಲೆಸ್ಟ್ರಾಲ್ ನೋಡಿಕೊಳ್ಳುವ ಮಗನ ಸಲಹೆ ಅದು.

ಅಪ್ಪನನ್ನು ಕೊನೆಗೂ ಪರೀಕ್ಷೆಗೆ ಕಳಿಸಿದ್ದು ನಾನಲ್ಲ, ಕುಣಿಗಲ್‌ನ ದೊಡ್ಡಪ್ಪ. ಅದೂ ಅವರು ಬೇಕಂತ ಮಾಡಿದ್ದಲ್ಲ. ತುಮಕೂರಿನಲ್ಲಿ ಸಂಬಂಧಿಕರ ಗೃಹಪ್ರವೇಶದ ದಿನ ದೊಡ್ಡಮ್ಮ ಚೀಲದಿಂದ ಕನ್ನಡಕ ತೆಗೆಯಲು ಹೋಗಿ ಆಸ್ಪತ್ರೆ ಫೈಲನ್ನೂ ಹೊರಗೆಳೆದರು. ಅಪ್ಪ ಓದಿದರು. ಒಂದು ವರ್ಷದಿಂದ ನಮಗೆಲ್ಲ "ಬೆನ್ನಿನ ಡಿಸ್ಕ್ ಪ್ರಾಬ್ಲಂ" ಎಂದು ಹೇಳಿಕೊಂಡು, ನಾಟಿ ಎಣ್ಣೆ ತಿಕ್ಕಿಸಿಕೊಂಡು ಓಡಾಡುತ್ತಿದ್ದ ದೊಡ್ಡಪ್ಪನಿಗೆ ಇದ್ದದ್ದು ಪ್ರಾಸ್ಟೇಟ್ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೆ ಬೆನ್ನುಮೂಳೆಗೆ ಇಳಿದಿತ್ತು. ಮೂರು ತಿಂಗಳಿಗೊಂದು ಇಂಜೆಕ್ಷನ್ ನಡೀತಿತ್ತು. ಒಡಹುಟ್ಟಿದ ತಮ್ಮನಿಗೂ ಹೇಳಿರಲಿಲ್ಲ.

"ಯಾಕಣ್ಣ ಹೇಳ್ಲಿಲ್ಲ?" ಅಂದರು ಅಪ್ಪ.

"ಎಲ್ಲಿ ಆಗೈತೆ ಅಂತ ಹೇಳ್ಲೋ?" ಅಂದರು ದೊಡ್ಡಪ್ಪ.

ಆ ಮಾತು ತಲೆಯಿಂದ ಹೋಗಲಿಲ್ಲ. ಈ ಕಾಯಿಲೆಯ ಚರಿತ್ರೆ ಓದಲು ಕೂತದ್ದು ಅದರಿಂದಲೇ. ಓದುತ್ತಾ ಹೋದಂತೆ ಗೊತ್ತಾಯಿತು, ಈ ಪ್ರಶ್ನೆ ದೊಡ್ಡಪ್ಪನೊಬ್ಬರದೇ ಅಲ್ಲ.

ಪ್ರಾಸ್ಟೇಟ್ ಅನ್ನೋದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ, ಹೆಚ್ಚುಕಡಿಮೆ ಅಡಿಕೆ ಗಾತ್ರದ ಗ್ರಂಥಿ. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ "ಮುಂದೆ ನಿಂತವನು" ಅಂತ ಅರ್ಥ. ನಮ್ಮ ಸುಶ್ರುತ ಸಂಹಿತೆಯಲ್ಲಿ ಮೂತ್ರ ಕಟ್ಟುವ ರೋಗಗಳ ಪೈಕಿ ವಾತಾಷ್ಠೀಲಾ ಎಂದೊಂದಿದೆ. ಮಲದ ದಾರಿಗೂ ಮೂತ್ರಕೋಶಕ್ಕೂ ನಡುವೆ ಕಲ್ಲಿನಂಥ ಗಂಟು ಎದ್ದು ದಾರಿ ಕಟ್ಟುತ್ತದೆ ಎನ್ನುವ ವಿವರಣೆ. ಇವತ್ತಿನ ಆಯುರ್ವೇದದವರು ಅದನ್ನು ಪ್ರಾಸ್ಟೇಟ್ ಊತಕ್ಕೆ ಹೊಂದಿಸಿ ಓದುತ್ತಾರೆ. ಅಂದರೆ ಇದು ಪಟ್ಟಣದವರ ಹೊಸ ಕಾಯಿಲೆ ಅಲ್ಲ. ಮುದುಕರು ರಾತ್ರಿ ಏಳುತ್ತಿದ್ದದ್ದು ಆಗಿನಿಂದಲೂ ಇದೆ.

ಆದರೆ ಊತ ಬೇರೆ, ಕ್ಯಾನ್ಸರ್ ಬೇರೆ. ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಮೊದಲು ಬರೆದವನು ಜಾನ್ ಆಡಮ್ಸ್, ಲಂಡನ್ ಹಾಸ್ಪಿಟಲ್‌ನ ಸರ್ಜನ್, 1853ರಲ್ಲಿ. ಆತ ಇದನ್ನು ತೀರಾ ಅಪರೂಪದ ಕಾಯಿಲೆ ಎಂದ. ಈಗ ಜಗತ್ತಿನ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್‌ಗಳಲ್ಲಿ ಇದೂ ಒಂದು. ಆಗ ಅಪರೂಪ ಯಾಕಿತ್ತು? ಗಂಡಸರು ಅಷ್ಟು ವರ್ಷ ಬದುಕುತ್ತಿರಲಿಲ್ಲ, ಬದುಕಿದವರನ್ನು ಯಾರೂ ನೋಡುತ್ತಿರಲಿಲ್ಲ. ಬೆನ್ನುನೋವಿನಿಂದ ಸತ್ತವನು ಬೆನ್ನುನೋವಿನಿಂದಲೇ ಸತ್ತ ಅಂತ ಲೆಕ್ಕ.

ಮುಂದಿನ ಕಥೆಗೆ ನಮ್ಮ ಊರಿನ ರೈತರಿಗೆ ವಿವರಣೆಯೇ ಬೇಡ. ಹೋರಿಯ ಬೀಜ ಒಡೆಸಿ ಎತ್ತು ಮಾಡಿದರೆ ಅದರ ಮೈಯೆಲ್ಲ ಬದಲಾಗುತ್ತೆ ಅಂತ ಅವರಿಗೆ ಗೊತ್ತು. ಹಾಗೆ ಮಾಡಿದ ಪ್ರಾಣಿಗಳಲ್ಲಿ ಪ್ರಾಸ್ಟೇಟ್ ಕೂಡ ಕುಗ್ಗಿರುತ್ತದೆ ಎಂದು ಬ್ರಿಟನ್ನಿನ ಜಾನ್ ಹಂಟರ್ 1786ರಲ್ಲೇ ಬರೆದಿದ್ದ. ಅದನ್ನು ಔಷಧಿಯಾಗಿ ತಿರುಗಿಸಲು ನೂರೈವತ್ತು ವರ್ಷ ಬೇಕಾಯಿತು. ಷಿಕಾಗೊ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್ ನಾಯಿಗಳ ಮೇಲೆ ಕೆಲಸ ಮಾಡುತ್ತಿದ್ದ (ಮನುಷ್ಯನ ಹಾಗೆ ವಯಸ್ಸಾದ ಮೇಲೆ ಪ್ರಾಸ್ಟೇಟ್ ತೊಂದರೆ ಬರುವ ಕೆಲವೇ ಪ್ರಾಣಿಗಳಲ್ಲಿ ನಾಯಿಯೂ ಒಂದು). 1941ರಲ್ಲಿ ಆತ ತೋರಿಸಿದ್ದು ಇಷ್ಟು: ವೃಷಣ ತೆಗೆದರೆ, ಇಲ್ಲವೇ ಹೆಣ್ಣು ಹಾರ್ಮೋನು ಕೊಟ್ಟರೆ, ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕೂಡ ಹಿಂದೆ ಸರಿಯುತ್ತದೆ. ನೋವಿನಿಂದ ಹಾಸಿಗೆ ಹಿಡಿದವರು ಎದ್ದು ಓಡಾಡಿದರು. 1966ರಲ್ಲಿ ಆತನಿಗೆ ನೊಬೆಲ್ ಬಂತು. ಆಪರೇಷನ್ ಇಲ್ಲದೆ, ಮೆದುಳಿನಿಂದ ಬರುವ ಹಾರ್ಮೋನಿನ ಆಜ್ಞೆಯನ್ನೇ ತಡೆದು ಅದೇ ಕೆಲಸ ಮಾಡಿಸುವ ಇಂಜೆಕ್ಷನ್‌ಗಳು 1980ರ ದಶಕದಲ್ಲಿ ಬಂದವು. ದೊಡ್ಡಪ್ಪ ತಗೊಳ್ತಿರೋದು ಆ ಮನೆತನದ್ದೇ. ಮೈ ಬಿಸಿಯೇರಿ ಬೆವರುವುದು, ಸುಸ್ತು, ಗಂಡಸುತನ ಕುಗ್ಗುವುದು ಅದರ ಜೊತೆಗೇ ಬರುತ್ತೆ. ಈ ವಯಸ್ಸಿನಲ್ಲಿ ಇದನ್ನೆಲ್ಲ ಯಾರ ಹತ್ತಿರ ಹೇಳ್ಕೊಳ್ಳೋದು ಅನ್ನೋದು ಅವರ ಸಂಕಟ.

ಹೇಳಿಕೊಳ್ಳದ ಇನ್ನೊಬ್ಬರ ಕಥೆ ಕೇಳಿ. ಫ್ರಾನ್ಸ್‌ನ ಫ್ರಾನ್ಸ್ವಾ ಮಿತೆರಾಂ 1981ರ ಮೇ ತಿಂಗಳಲ್ಲಿ ಅಧ್ಯಕ್ಷರಾಗಿ ಗೆದ್ದರು. ಆರು ತಿಂಗಳಿಗೊಮ್ಮೆ ತಮ್ಮ ಆರೋಗ್ಯದ ವರದಿ ಪ್ರಕಟಿಸುತ್ತೇನೆ ಎಂದು ಜನಕ್ಕೆ ಮಾತು ಕೊಟ್ಟಿದ್ದರು. ಅದೇ ನವೆಂಬರ್‌ನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಯಿತು. ಮೂಳೆಗೆ ಹರಡಿತ್ತು. ಅವರು ಡಾಕ್ಟರಿಗೆ ಇದು ದೇಶದ ಗುಟ್ಟು ಎಂದರು. ಹೋಗಲಿ, ವರದಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಆರು ತಿಂಗಳಿಗೊಮ್ಮೆ ಅಧ್ಯಕ್ಷರು ಆರೋಗ್ಯವಾಗಿದ್ದಾರೆ ಎಂಬ ಸುಳ್ಳು ವರದಿ ಹನ್ನೊಂದು ವರ್ಷ ಹೊರಬಿತ್ತು. 1992ರಲ್ಲಿ ಆಪರೇಷನ್ ಆದಾಗ ಜನಕ್ಕೆ ತಿಳಿಯಿತು. 1996ರ ಜನವರಿ 8ರಂದು ತೀರಿಕೊಂಡರು. ಅವರ ಡಾಕ್ಟರ್ ಕ್ಲೋದ್ ಗುಬ್ಲೇರ್ ಕೆಲವೇ ದಿನಗಳಲ್ಲಿ ಪುಸ್ತಕ ತಂದು ಎಲ್ಲ ಹೇಳಿದರು, ಕೋರ್ಟು ಅದನ್ನು ತಡೆಯಿತು.

ಇದರಲ್ಲಿ ನನಗೆ ಎರಡು ವಿಷಯ ಕಂಡವು. ಒಂದು, ಮೂಳೆಗೆ ಇಳಿದ ಮೇಲೂ ಆ ಮನುಷ್ಯ ಹದಿನಾಲ್ಕು ವರ್ಷ ಬದುಕಿದ, ಅದರಲ್ಲಿ ಬಹುಪಾಲು ದೇಶ ಆಳುತ್ತಾ. ಎಲ್ಲರಿಗೂ ಹಾಗಾಗುತ್ತೆ ಅಂತಲ್ಲ. ಆದರೆ ಇದನ್ನು ದೊಡ್ಡಪ್ಪನಿಗೆ ಹೇಳಿದಾಗ ಅವರು "ಹದಿನಾಲ್ಕಾ?" ಎಂದು ಎರಡು ಸಲ ಕೇಳಿದರು. ಇನ್ನೊಂದು, ಮಿತೆರಾಂ ಮುಚ್ಚಿಟ್ಟದ್ದು ಕುರ್ಚಿಗಾಗಿ. ದೊಡ್ಡಪ್ಪ ಮುಚ್ಚಿಟ್ಟದ್ದು ನಾಚಿಕೆಗೆ. ಅಣ್ಣನಿಗೆ ಈ ಕಾಯಿಲೆ ಇದ್ದರೆ ತಮ್ಮನಿಗೆ ಬರುವ ಸಾಧ್ಯತೆ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ಅವರ ಗುಟ್ಟು ಅವರೊಬ್ಬರದೇ ಆಗಿರಲಿಲ್ಲ. ಆ ಒಂದು ವರ್ಷ ಅಪ್ಪನದೂ ಆಗಿತ್ತು. ಈ ಮಾತನ್ನು ನಾನು ಅವರೆದುರು ಇವತ್ತಿಗೂ ಆಡಿಲ್ಲ. ಬಹುಶಃ ಅವರಿಗೇ ಗೊತ್ತಿದೆ.

ಇನ್ನು ಪರೀಕ್ಷೆಯ ಕಥೆ. ತುಮಕೂರಿನ ಯಾವ ದೊಡ್ಡ ಲ್ಯಾಬಿಗೆ ಹೋದರೂ ಪಿಎಸ್‌ಎ ಎಂದರೆ ರಕ್ತ ತಗೊಳ್ತಾರೆ. ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ ಅನ್ನೋ ಲೆಕ್ಕ. ರಿಚರ್ಡ್ ಆಬ್ಲಿನ್ 1970ರಲ್ಲಿ ಪ್ರಾಸ್ಟೇಟ್‌ನಲ್ಲಿ ಇಂಥದ್ದೊಂದು ಇದೆ ಎಂದು ಬರೆದ. 1979ರಲ್ಲಿ ಅಮೆರಿಕದ ರಾಸ್ವೆಲ್ ಪಾರ್ಕ್ ಸಂಸ್ಥೆಯವರು ಅದನ್ನು ಶುದ್ಧವಾಗಿ ಬೇರ್ಪಡಿಸಿದರು. 1986ರಲ್ಲಿ ಅಮೆರಿಕ ಸರ್ಕಾರ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟದ್ದು ಕಾಯಿಲೆ ಇರುವವರ ಮೇಲೆ ಕಣ್ಣಿಡಲು. 1994ರಲ್ಲಿ, ಡಾಕ್ಟರ ಬೆರಳು ಪರೀಕ್ಷೆ ಜೊತೆ ಸೇರಿಸಿ, ಕಾಯಿಲೆ ಪತ್ತೆ ಮಾಡಲು.

ಆಮೇಲೆ ಆದದ್ದು ಗಲಾಟೆ. ಈ ಅಂಕಿ ಕ್ಯಾನ್ಸರ್ ಇಲ್ಲದಿದ್ದರೂ ಏರುತ್ತೆ: ಬರೀ ಊತಕ್ಕೆ, ಸೋಂಕಿಗೆ. ಕಡಿಮೆ ಇದ್ದರೂ ಒಮ್ಮೊಮ್ಮೆ ಒಳಗೆ ಕ್ಯಾನ್ಸರ್ ಇರುತ್ತೆ. ಇದ್ದ ಕ್ಯಾನ್ಸರ್‌ನಲ್ಲೂ ಎಷ್ಟೋ ಆಮೆಯ ಥರದವು, ಮನುಷ್ಯ ಬೇರೆ ಕಾರಣಕ್ಕೆ ಸಾಯುವವರೆಗೂ ಮಿಸುಕುವುದಿಲ್ಲ. ಅಂಥವರನ್ನೂ ಕೊಯ್ದು, ಮೂತ್ರ ಹಿಡಿಯಲಾರದ ಹಾಗೆ, ದಾಂಪತ್ಯ ಇಲ್ಲದ ಹಾಗೆ ಮಾಡಿದರು. ಆಬ್ಲಿನ್ ತಾನೇ 2010ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇದನ್ನು ಸಾಮೂಹಿಕವಾಗಿ ಬಳಸಿದ್ದು ದೊಡ್ಡ ತಪ್ಪು ಎಂದು ಬರೆದ. 2009ರ ಮಾರ್ಚ್‌ನಲ್ಲಿ ಒಂದೇ ವೈದ್ಯ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ದೊಡ್ಡ ಅಧ್ಯಯನ ಬಂದವು. ಯುರೋಪಿನದು ಪರೀಕ್ಷೆ ಮಾಡಿದರೆ ಈ ಕ್ಯಾನ್ಸರ್‌ನ ಸಾವು 20% ಇಳಿಯುತ್ತದೆ ಎಂದಿತು, ಅಮೆರಿಕದ್ದು ಲಾಭವೇ ಕಾಣಲಿಲ್ಲ ಎಂದಿತು. (ಪರೀಕ್ಷೆ ಮಾಡಬಾರದಿದ್ದ ಗುಂಪಿನಲ್ಲೂ ಬಹಳ ಜನ ಹೊರಗೆ ಮಾಡಿಸಿಕೊಂಡಿದ್ದರು ಎಂದು ಆಮೇಲೆ ಗೊತ್ತಾಯಿತು. ಅಮೆರಿಕದವರೂ ನಮ್ಮ ಹಾಗೇ, ಬೇಡ ಅಂದದ್ದನ್ನೇ ಮಾಡ್ತಾರೆ.) 2012ರಲ್ಲಿ ಅಲ್ಲಿನ ತಜ್ಞರ ಸಮಿತಿ ಈ ಪರೀಕ್ಷೆಯೇ ಬೇಡ ಎಂದಿತು. 2018ರಲ್ಲಿ ಮಾತು ಬದಲಿಸಿತು: 55ರಿಂದ 69ರವರು ಡಾಕ್ಟರ ಹತ್ತಿರ ಮಾತಾಡಿ ತಾವೇ ತೀರ್ಮಾನಿಸಲಿ.

ಈಗ ಬದಲಾಗಿರೋದು ಪರೀಕ್ಷೆಗಿಂತ ಅದರ ಮುಂದಿನ ಹೆಜ್ಜೆ. ಅಂಕಿ ಏರಿದ ಕೂಡಲೇ ಸೂಜಿ, ಕತ್ತಿ ಅಲ್ಲ. ಮತ್ತೊಮ್ಮೆ ರಕ್ತ, ಆಮೇಲೆ ಎಂಆರ್‌ಐ, ಅನುಮಾನ ಇದ್ದರೆ ಬಯಾಪ್ಸಿ. ಸಾಧು ಜಾತಿಯದ್ದಾದರೆ ಸುಮ್ಮನೆ ಕಾಯುತ್ತಾ ಗಮನಿಸುವುದೂ ಒಂದು ಚಿಕಿತ್ಸೆಯೇ. ಬ್ರಿಟನ್ನಿನಲ್ಲಿ 1,643 ಗಂಡಸರನ್ನು ಹದಿನೈದು ವರ್ಷ ಹಿಂಬಾಲಿಸಿ 2023ರಲ್ಲಿ ಫಲಿತಾಂಶ ಕೊಟ್ಟರು. ಆರಂಭದಲ್ಲೇ ಸಿಕ್ಕ ಕ್ಯಾನ್ಸರ್. ಆಪರೇಷನ್ ಆದವರು, ರೇಡಿಯೇಷನ್ ಆದವರು, ಬರೀ ಗಮನದಲ್ಲಿದ್ದವರು, ಮೂರೂ ಗುಂಪಿನಲ್ಲಿ ಅದರಿಂದ ಸತ್ತವರು ನೂರಕ್ಕೆ ಮೂರರ ಆಸುಪಾಸು. ಬೇಗ ಸಿಕ್ಕರೆ ಯೋಚಿಸಲು ಸಮಯ ಇರುತ್ತೆ. ದೊಡ್ಡಪ್ಪನಿಗೆ ಸಿಗದೇ ಹೋದದ್ದು ಇದೇ.

ನಮ್ಮ ಸರ್ಕಾರ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇಟ್ಟಿದೆ. ಪ್ರಾಸ್ಟೇಟ್ ಆ ಪಟ್ಟಿಯಲ್ಲಿಲ್ಲ. ಪರೀಕ್ಷೆಯ ಮೇಲೆ ಇಷ್ಟೊಂದು ಜಗಳ ಇರುವಾಗ ಎಲ್ಲರಿಗೂ ಮಾಡಿ ಅನ್ನೋದು ಕಷ್ಟ, ಒಪ್ಪುತ್ತೇನೆ. ಆದರೆ ಇದರ ಅರ್ಥ, ಆಶಾ ಕಾರ್ಯಕರ್ತೆ ಬಂದು ನಿಮ್ಮಪ್ಪನನ್ನು ಕೇಳಲ್ಲ. ಕೇಳಬೇಕಾದವರು ನೀವೇ. ಮನೆಯಲ್ಲಿ ಯಾರಿಗಾದರೂ ಇದ್ದರೆ 45ಕ್ಕೆ, ಇಲ್ಲದಿದ್ದರೆ 50ಕ್ಕೆ ಡಾಕ್ಟರ ಹತ್ತಿರ ಈ ಮಾತು ಎತ್ತಬೇಕು. ಯಾಕಂದರೆ ಆರಂಭದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಲಕ್ಷಣವೇ ಇರಲ್ಲ. ಅಪ್ಪ ರಾತ್ರಿ ಏಳುತ್ತಿದ್ದದ್ದು ಊತದಿಂದ, ಅದು ಕ್ಯಾನ್ಸರ್ ಅಲ್ಲ. ಅದರ ನೆಪದಲ್ಲಿ ಹೋದಾಗ ಇದು ಸಿಕ್ಕಿತು.

ಸಿಕ್ಕಿತು, ಹೌದು. ಗೃಹಪ್ರವೇಶದ ಮಾರನೇ ವಾರ ತುಮಕೂರಿನಲ್ಲಿ ರಕ್ತ ಕೊಟ್ಟೆವು. ಸಾವಿರ ರೂಪಾಯಿಯೊಳಗೆ ಆಯ್ತು. 4ರ ಒಳಗಿದ್ದರೆ ಸಾಮಾನ್ಯ ಎಂದು ಚೀಟಿಯಲ್ಲಿ ಅಚ್ಚಾಗಿತ್ತು, ಅಪ್ಪನದು 11.2. ಅಪ್ಪ ಅದನ್ನು ಕೊಬ್ಬರಿ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು, ಕ್ವಿಂಟಾಲ್ ರೇಟಿನ ಪಕ್ಕದಲ್ಲೇ. ಬಯಾಪ್ಸಿಯಲ್ಲಿ ಗ್ಲೀಸನ್ 7 ಬಂತು. 1960ರ ದಶಕದಲ್ಲಿ ಡೊನಾಲ್ಡ್ ಗ್ಲೀಸನ್ ಎಂಬ ಅಮೆರಿಕದ ವೈದ್ಯ ಹಾಕಿಕೊಟ್ಟ ಅಳತೆ, 6 ಅಂದರೆ ಸಾಧು, 10 ಅಂದರೆ ಮೃಗ. ಹೊರಗೆ ಹರಡಿರಲಿಲ್ಲ. ಆ ಸಂಜೆ ಗುಬ್ಬಿಗೆ ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ ನಿಟ್ಟೂರಿನ ಅಡಿಕೆ ತೋಟವೊಂದರ ವಿಷಯ ಮಾತಾಡಿದರು, ಮಳೆ ಮಾತಾಡಿದರು. ಮನೆ ಗೇಟಿನ ಹತ್ತಿರ, "ನಿಮ್ಮಮ್ಮಂಗೆ ನಾನೇ ಹೇಳ್ತೀನಿ" ಅಂದರು. ಹೇಳಿದರು ಕೂಡ, ಅಡುಗೆಮನೆಯಲ್ಲಿ ನಿಂತು, ಬಾಗಿಲು ಮುಚ್ಚದೆ.

ಬೆಂಗಳೂರಿನಲ್ಲಿ ಆಪರೇಷನ್ ಆಯ್ತು. 1904ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಶುರುಮಾಡಿದ ಆಪರೇಷನ್. 1982ರಲ್ಲಿ ಅಲ್ಲಿಯೇ ಪ್ಯಾಟ್ರಿಕ್ ವಾಲ್ಷ್ ನರ ಉಳಿಸಿ ಮಾಡುವ ದಾರಿ ತೋರಿಸಿದ. ಆದರೂ ಮೂರು ತಿಂಗಳು ಅಪ್ಪ ಪ್ಯಾಡ್ ಹಾಕಿಕೊಂಡರು. ಅದನ್ನು ಮೆಡಿಕಲ್ ಸ್ಟೋರಿನಲ್ಲಿ ಕೇಳಲು ಮೊದಲ ಸಲ ಅವರಿಗಲ್ಲ, ನನಗೆ ನಾಚಿಕೆಯಾಯಿತು.

ನಾಚಿಕೆ ವಿಷಯಕ್ಕೆ ಶಿವಣ್ಣನನ್ನು ನೆನೆಯಲೇಬೇಕು. ಅವರದು ಪ್ರಾಸ್ಟೇಟ್ ಅಲ್ಲ, ಪಕ್ಕದ ಮನೆ: ಮೂತ್ರಕೋಶದ ಕ್ಯಾನ್ಸರ್. 2024ರ ಡಿಸೆಂಬರ್ 24ರಂದು ಮಯಾಮಿಯಲ್ಲಿ ಮೂತ್ರಕೋಶ ತೆಗೆದು, ಕರುಳಿನಿಂದಲೇ ಹೊಸದನ್ನು ಕಟ್ಟಿದರು. 2025ರ ಮೊದಲ ದಿನ ಪತ್ನಿ ಗೀತಾ ಅವರ ಜೊತೆ ಕೂತು, ಯಾವ ಭಾಗ ತೆಗೆದರು, ಏನು ಇಟ್ಟರು ಎಂದು ವಿಡಿಯೋದಲ್ಲಿ ಕನ್ನಡದಲ್ಲಿ ಹೇಳಿದರು. ಅವರ ತಾತ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ನಮ್ಮ ಗುಬ್ಬಿ ವೀರಣ್ಣನವರ ಕಂಪನಿಯ ನಟರು, ಅಣ್ಣಾವ್ರು ಬಣ್ಣ ಹಚ್ಚಿದ್ದೂ ಅಲ್ಲಿಯೇ. ಹಾಗಾಗಿ ಅಪ್ಪ ಆ ವಿಡಿಯೋವನ್ನು ಮನೆಯವರದೇ ಎನ್ನುವ ಹಾಗೆ ವಾಕಿಂಗ್ ಗೆಳೆಯರ ಗುಂಪಿಗೆಲ್ಲ ಕಳಿಸಿದರು, ಕೆಳಗೆ ತಮ್ಮ ಪಿಎಸ್‌ಎ ಅಂಕಿಯನ್ನೂ ಬರೆದು. ಇಬ್ಬರು ಮಾಡಿಸಿಕೊಂಡರು. ಒಬ್ಬರದು ಸರಿ ಇತ್ತು, ಇನ್ನೊಬ್ಬರದು ಸೋಂಕು. ಉಳಿದ ಆರು ಜನ ಕೈಮುಗಿಯುವ ಇಮೋಜಿ ಹಾಕಿದರು.

ಕುಣಿಗಲ್‌ನಲ್ಲಿ ಈಗ ದೊಡ್ಡಪ್ಪ ಬೆಳಿಗ್ಗೆ ದೊಡ್ಡಕೆರೆ ಏರಿಯ ಮೇಲೆ ನಡೆಯುತ್ತಾರೆ, ಕೋಲು ಹಿಡಿದು. ಅವರ ಮಗನಿಗೆ 47. ತಂದೆಗೆ ಇದೆ, ಚಿಕ್ಕಪ್ಪನಿಗೂ ಇದೆ. ನಾಲ್ಕು ಸಲ ಫೋನ್ ಮಾಡಿದೆ. "ನಂಗೇನೂ ಆಗಿಲ್ಲ ಬಿಡೋ, ಚೆನ್ನಾಗೇ ಹೋಗುತ್ತೆ" ಅಂತಾನೆ. ಈ ಭಾನುವಾರ ತುಮಕೂರಿನಿಂದ ಬಸ್ಸು ಹತ್ತಿ ಅವನ ಮನೆಗೇ ಹೋಗ್ತಿದ್ದೀನಿ. ಹೋದ ಕೂಡಲೇ ಎಳನೀರು ಕೆತ್ತಿ ಕೊಡ್ತಾನೆ. ಕುಡಿದೇ ಮಾತು ಶುರುಮಾಡಬೇಕು.