ಅನ್ನಭೋಗದ ಮಾಂಸಭಾಗ: ಅರಸನ ಯಕೃತ್ತು, ಊರಿನ ಬೋಟಿ

ಮಾನಸೋಲ್ಲಾಸದ ಹೆಸರು ಇಂದು ಕನ್ನಡದ ಓದುಗರಿಗೆ ಪರಿಚಯವಾಗಿರುವುದು ಹೆಚ್ಚಾಗಿ ಇಡ್ಲಿಯ ನೆಪದಲ್ಲಿ. ಅದರ ಅನ್ನಭೋಗ ಅಧ್ಯಾಯದಲ್ಲಿ 'ಇಡ್ಡರಿಕಾ' ಇದೆ, 'ಧೋಸಕ' ಇದೆ, 'ವಟಕ' ಇದೆ. ಆದ್ದರಿಂದ ನಮ್ಮ ಬೆಳಗಿನ ತಿಂಡಿಗೆ ಒಂಬೈನೂರು ವರ್ಷಗಳ ಆಧಾರ ಸಿಕ್ಕಿತು ಎಂದು ಬರೆದು ಪುಸ್ತಕ ಮುಚ್ಚಿಬಿಡುತ್ತಾರೆ. ಅದೇ ಅಧ್ಯಾಯದಲ್ಲಿ ಹಂದಿಯ ಕೂದಲು ತೆಗೆಯುವ ಕ್ರಮ, ಯಕೃತ್ತನ್ನು ಕೆಂಡದಲ್ಲಿ ಸುಡುವ ಕ್ರಮ, ಕರುಳಿನ ಅಡುಗೆ, ಹೊಲದ ಇಲಿಯನ್ನು ಸಲಾಕೆಗೆ ಚುಚ್ಚಿ ಬೇಯಿಸುವ ವಿಧಾನ ಎಲ್ಲವೂ ಇವೆ. ಇವುಗಳ ಬಗ್ಗೆ ನಮ್ಮ ಆಹಾರ ಚರಿತ್ರೆಗಳು ಒಂದೋ ಮೌನ ವಹಿಸುತ್ತವೆ, ಇಲ್ಲವೇ 'ಅರಸನ ವಿಚಿತ್ರ ರುಚಿ' ಎಂದು ಒಂದು ವಾಕ್ಯದಲ್ಲಿ ಮುಗಿಸುತ್ತವೆ. ಆ ಒಂದು ವಾಕ್ಯ ತಪ್ಪು ಎಂಬುದು ಈ ಲೇಖನದ ವಾದ.

ಆ ವಾಕ್ಯದ ಹಿಂದೆ ಯಾರೂ ಪರೀಕ್ಷಿಸದ ಒಂದು ನಂಬಿಕೆ ಕೂತಿದೆ. ಒಳಾಂಗಗಳು ಬಡವರ ಊಟ. ಒಳ್ಳೆಯ ಮಾಂಸ ಕೈಗೆಟುಕದವರು ಬೋಟಿ, ತಲೆ, ಕಾಲು ತಿಂದರು ಎಂಬುದು ಆ ನಂಬಿಕೆ. ಇದನ್ನು ಒಪ್ಪಿಕೊಂಡ ಮೇಲೆ ಚಕ್ರವರ್ತಿಯ ಎಲೆಯಲ್ಲಿ ಯಕೃತ್ತು ಕಂಡರೆ ಅದನ್ನು ವಿಚಿತ್ರ ಎನ್ನದೆ ಬೇರೆ ದಾರಿಯಿಲ್ಲ. ಆಕರ ಒಂದು ಮಾತು ಹೇಳುತ್ತಿದೆ, ನಂಬಿಕೆ ಇನ್ನೊಂದನ್ನು ಹೇಳುತ್ತಿದೆ. ನಮ್ಮವರು ನಂಬಿಕೆಯನ್ನು ಉಳಿಸಿಕೊಂಡು ಆಕರವನ್ನು ಬದಿಗೆ ಸರಿಸಿದ್ದಾರೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಈ ಗ್ರಂಥ ಸುಮಾರು 1129ರದು. ಬರೋಡದ ಗಾಯಕವಾಡ ಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರ ಅವರ ಸಂಪಾದನೆಯ ಸಂಪುಟಗಳು 1925, 1939, 1961ರಲ್ಲಿ ಬಂದವು. ಅನ್ನಭೋಗವಿರುವುದು ಎರಡನೆಯದರಲ್ಲಿ. ಮೈಸೂರಿನಿಂದ 1926ರಲ್ಲಿ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಹೆಸರಿನಲ್ಲಿ ಹೊರಬಂದದ್ದು ಮೊದಲ ಭಾಗ. ಕರ್ನಾಟಕದ ಅರಸನ ಅಡುಗೆಮನೆಯನ್ನು ನೋಡಲು ಕರ್ನಾಟಕದವರೇ ಬರೋಡದ ಸಂಪುಟಕ್ಕೆ ಹೋಗಬೇಕಾಯಿತು. (ಅಷ್ಟು ದೂರ ಹೋಗಲು ಮನಸ್ಸಿಲ್ಲದವರು ಕೆ. ಟಿ. ಆಚಯ ಅವರ 1994ರ ಇಂಗ್ಲಿಷ್ ಗ್ರಂಥದಿಂದ ಎತ್ತಿಕೊಂಡರು. ಆಚಯ ಅವರ ಶ್ರಮದ ಬಗ್ಗೆ ನನಗೆ ಪೂರ್ಣ ಗೌರವವಿದೆ. ಸಾರಾಂಶವನ್ನೇ ಮೂಲವೆಂದು ಬಗೆದವರ ಬಗ್ಗೆ ಆ ಗೌರವವಿಲ್ಲ.) ಕನ್ನಡದ ಆಕರಗಳೂ ಈ ಮೌನಕ್ಕೆ ನೆರವಾದವು. ಎರಡನೆಯ ಚಾವುಂಡರಾಯನ ಲೋಕೋಪಕಾರದ ಪಾಕಭಾಗವಾಗಲಿ, ಮೂರನೆಯ ಮಂಗರಸನ ಸೂಪಶಾಸ್ತ್ರವಾಗಲಿ ಸಸ್ಯಾಹಾರದ ಬರವಣಿಗೆ. ಇವೆರಡನ್ನೇ ಕನ್ನಡ ನಾಡಿನ ಅಡುಗೆ ಎಂದು ಹೇಳುತ್ತ ಬಂದುದರಿಂದ ನಾಡಿನ ಬಹುಪಾಲು ಒಲೆಗಳು ಚರಿತ್ರೆಯಿಂದ ಹೊರಗುಳಿದವು.

ಈಗ ಯಕೃತ್ತಿನ ವಿಷಯ. ಕ್ರಮ ಹೀಗಿದೆ: ಯಕೃತ್ತನ್ನು ಅಡಕೆಯಂತೆ ಕತ್ತರಿಸಿ, ಕೆಂಡದ ಮೇಲೆ ಸುಟ್ಟು, ಆಮೇಲೆ ಮಸಾಲೆಯೊಡನೆ ಹುರಿದು, ಮೊಸರಿನಲ್ಲೋ ಸಾಸಿವೆಯ ರಸದಲ್ಲೋ ಹಾಕಬೇಕು. ಇಂಗ್ಲಿಷ್ ಸಾರಾಂಶಗಳನ್ನು ಓದಿದವರು ಇದನ್ನು 'ಅಡಕೆಯ ಆಕಾರಕ್ಕೆ ಕೆತ್ತುವುದು' ಎಂದು ತಿಳಿದು, ಆಸ್ಥಾನದ ಅಲಂಕಾರಪ್ರಿಯತೆಗೆ ಉದಾಹರಣೆ ಮಾಡಿಕೊಂಡಿದ್ದಾರೆ. ತಿನ್ನಲು ಯೋಗ್ಯವಲ್ಲದ್ದನ್ನು ಚಂದಗಾಣಿಸಿ ಅರಸನಿಗೆ ಬಡಿಸಿದರು ಎಂಬ ಧ್ವನಿ ಅದರಲ್ಲಿದೆ.

ಹಸಿ ಯಕೃತ್ತನ್ನು ಕೈಯಲ್ಲಿ ಹಿಡಿದು ಕತ್ತರಿಸಿದವರು ಈ ವ್ಯಾಖ್ಯಾನವನ್ನು ಒಪ್ಪಲಾರರು. ಅದು ನುಣುಪಾಗಿ ಜಾರುತ್ತದೆ, ಅಂಚು ನಿಲ್ಲುವುದಿಲ್ಲ, ಕೆತ್ತಿದ ರೂಪ ಉಳಿಯುವುದಿಲ್ಲ. ಆದರೆ ಚಿಕ್ಕ ತುಂಡನ್ನು ಕೆಂಡದ ಮೇಲಿಟ್ಟರೆ ಮೇಲ್ಮೈ ತಟ್ಟನೆ ಬಿಗಿದು ತುಂಡು ತಾನಾಗಿಯೇ ಗುಂಡಗಾಗುತ್ತದೆ. ಹಾಗಾಗಿ ಅಡಕೆ ಇಲ್ಲಿ ಅಳತೆಯ ಮಾತು. ಯಕೃತ್ತು ಸ್ವಲ್ಪ ಹೆಚ್ಚು ಬೆಂದರೂ ಮರಳುಮರಳಾಗುತ್ತದೆ, ಕಡಿಮೆ ಬೆಂದರೆ ಒಳಗೆ ನೆತ್ತರು ಉಳಿಯುತ್ತದೆ. ಎಲ್ಲ ತುಂಡುಗಳೂ ಒಂದೇ ಗಾತ್ರದಲ್ಲಿದ್ದರೆ ಮಾತ್ರ ಒಂದೇ ಹದಕ್ಕೆ ಬರುತ್ತವೆ. ಅಡಕೆಗಿಂತ ದೊಡ್ಡದಾದರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ, ತೀರ ಸಣ್ಣದಾದರೆ ಕೆಂಡದಲ್ಲಿ ಒಣಗಿ ಕಟ್ಟಿಗೆಯಾಗುತ್ತದೆ. ಈ ಗಾತ್ರವನ್ನು ಗೊತ್ತುಮಾಡಿದ್ದು ಅಲಂಕಾರ ಬಲ್ಲ ಆಸ್ಥಾನಿಕನಲ್ಲ, ಬೆಂಕಿ ಬಲ್ಲ ಅಡುಗೆಯವನು.

ಮೊಸರು, ಸಾಸಿವೆಗಳೂ ಇದೇ ಮಾತು ಹೇಳುತ್ತವೆ. ಯಕೃತ್ತಿಗೆ ತನ್ನದೇ ಒಂದು ಕಬ್ಬಿಣದ ವಾಸನೆ, ಕೊಂಚ ಕಹಿ ಇದೆ. ಹುಳಿ ಅದನ್ನು ತಗ್ಗಿಸುತ್ತದೆ, ಸಾಸಿವೆಯ ಘಾಟು ಅದನ್ನು ಮರೆಸುತ್ತದೆ. ಮೆಣಸಿನಕಾಯಿ ಈ ನೆಲಕ್ಕೆ ಬರುವುದಕ್ಕೆ ಇನ್ನೂ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳಿದ್ದವು. ಖಾರಕ್ಕೆ ಕಾಳುಮೆಣಸು, ಶುಂಠಿ, ಸಾಸಿವೆಗಳೇ ಗತಿ. ಸಾಸಿವೆಯ ರಸ ಎಂದೊಡನೆ ಅಪರೂಪದ್ದೇನೋ ಎಂದುಕೊಳ್ಳುವ ಅಗತ್ಯವಿಲ್ಲ. ಹಸಿ ಸಾಸಿವೆ ಅರೆದು ಮೊಸರಿಗೆ ಬೆರೆಸಿ, ಸುಟ್ಟ ಬದನೆಯನ್ನೋ ಬೆಂದ ಹಾಗಲವನ್ನೋ ಅದರಲ್ಲಿ ಹಾಕುವ 'ಸಾಸಿವೆ' ಮಲೆನಾಡಿನ ಮನೆಗಳಲ್ಲಿ ಇಂದಿಗೂ ಇದೆ. ಕಹಿಯಿರುವ ಅಥವಾ ಸುಟ್ಟ ಪದಾರ್ಥವನ್ನು ಸಾಸಿವೆ-ಮೊಸರಿನಿಂದ ಹದಕ್ಕೆ ತರುವುದು ಈ ನಾಡಿನ ಹಳೆಯ ಬುದ್ಧಿ. ಒಂದರಿಂದ ಇನ್ನೊಂದು ಹುಟ್ಟಿತು ಎಂದು ನಾನು ಹೇಳುತ್ತಿಲ್ಲ, ಅದಕ್ಕೆ ಆಧಾರವಿಲ್ಲ. ಅನ್ನಭೋಗದ ಯಕೃತ್ತು ಈ ನೆಲದ ಅಡುಗೆಯ ತರ್ಕದೊಳಗೇ ಇದೆ, ಅದರ ಹೊರಗಿನ ಚಮತ್ಕಾರವಲ್ಲ ಎಂದಷ್ಟೇ ನನ್ನ ಮಾತು.

ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ವಿಶ್ವಕೋಶದಂಥ ಗ್ರಂಥದಲ್ಲಿ ಬರೆದದ್ದೆಲ್ಲ ಬಳಕೆಯಲ್ಲಿತ್ತೆಂದು ನಂಬುವುದು ಹೇಗೆ? ನ್ಯಾಯವಾದ ಪ್ರಶ್ನೆ. ಉತ್ತರ ಹಂದಿಯ ಪ್ರಸಂಗದಲ್ಲಿದೆ. ಹಂದಿಯ ಮೈಗೆ ಬಿಳಿ ಬಟ್ಟೆ ಹೊದಿಸಿ, ಮೇಲೆ ಕುದಿನೀರು ಸುರಿದು ಕೂದಲನ್ನು ಬುಡಸಹಿತ ಕೀಳಬೇಕು ಎನ್ನುತ್ತದೆ ಗ್ರಂಥ. ಇಲ್ಲವೇ ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಡಬೇಕು. ಬಟ್ಟೆ ಏಕೆ? ಕುದಿನೀರು ನೇರವಾಗಿ ಚರ್ಮಕ್ಕೆ ಬಿದ್ದರೆ ಚರ್ಮ ಬೆಂದು ಬಿಗಿಯುತ್ತದೆ, ಕೂದಲು ಬುಡದಲ್ಲೇ ಸಿಕ್ಕಿಕೊಳ್ಳುತ್ತದೆ. ಬಟ್ಟೆ ಕಾವನ್ನು ತಗ್ಗಿಸಿ, ಎಲ್ಲ ಕಡೆ ಸಮನಾಗಿ ಹರಡಿ, ಒಂದಷ್ಟು ಹೊತ್ತು ಹಿಡಿದಿಡುತ್ತದೆ. ಕಲ್ಪನೆಯಿಂದ ಬರೆಯುವವನಿಗೆ ಈ ಬಟ್ಟೆ ಹೊಳೆಯುವುದಿಲ್ಲ. ಇಂದು ಬೋಟಿ ತೊಳೆಯುವವರಿಗೂ ಇದೇ ಲೆಕ್ಕ ಗೊತ್ತು. ಕುರಿಯ ಹೊಟ್ಟೆಯನ್ನು ಬಿಸಿನೀರಿಗೆ ಅದ್ದಿ, ಒಳಗಿನ ಕಪ್ಪು ಪೊರೆ ಬೆರಳಿಗೆ ಬಿಡುತ್ತದೆಯೇ ಎಂದು ನೋಡಿ, ಬಿಟ್ಟ ಕ್ಷಣವೇ ಎತ್ತಿ ಚಾಕುವಿನ ಬೆನ್ನಿನಿಂದ ಕೆರೆಯುತ್ತಾರೆ. ನೀರು ಹದ ಮೀರಿ ಕಾದಿದ್ದರೆ ಪೊರೆ ಅಂಟಿಕೊಂಡು ಕೂರುತ್ತದೆ, ಮತ್ತೆ ಎಷ್ಟು ಉಜ್ಜಿದರೂ ಬರುವುದಿಲ್ಲ. ಕರುಳನ್ನು ಕಡ್ಡಿಯಿಂದ ಒಳಹೊರಗು ಮಾಡಿ ಉಪ್ಪು, ಅರಿಸಿನ ಹಾಕಿ ತಿಕ್ಕುತ್ತಾರೆ. ಸೋಮೇಶ್ವರನ ಪಂಡಿತರು ಈ ಕೆಲಸ ಮಾಡಿರಲಾರರು. ಮಾಡುವವರನ್ನು ಕೇಳಿ, ಕೇಳಿದ್ದನ್ನು ಸಂಸ್ಕೃತಕ್ಕೆ ತಂದಿದ್ದಾರೆ ಎಂಬುದು ನನ್ನ ಊಹೆ. ಊಹೆಯಾದರೂ ಪಠ್ಯದ ವಿವರಗಳು ಇದಕ್ಕೆ ಪೂರಕವಾಗಿವೆ.

ಹಾಗಾದರೆ ಒಳಾಂಗಕ್ಕೂ ಬಡತನಕ್ಕೂ ಸಂಬಂಧವೇ ಇಲ್ಲವೇ? ಇದೆ. ಆದರೆ ಆ ಸಂಬಂಧ ನಮ್ಮವರು ತಿಳಿದಂಥದ್ದಲ್ಲ. ಯಕೃತ್ತು, ಕರುಳು, ನೆತ್ತರು ಮಾಂಸಕ್ಕಿಂತ ಬೇಗ ಕೆಡುತ್ತವೆ. ಮಂಜುಗಡ್ಡೆಯಿಲ್ಲದ ಕಾಲದಲ್ಲಿ ಇವನ್ನು ತಿನ್ನಲು ಸಾಧ್ಯವಿದ್ದದ್ದು ಪ್ರಾಣಿ ಬಿದ್ದ ಜಾಗಕ್ಕೆ ಹತ್ತಿರವಿದ್ದವರಿಗೆ, ಬಿದ್ದ ಗಳಿಗೆಗೆ ಹತ್ತಿರವಿದ್ದವರಿಗೆ. ವೈದಿಕ ಪಶುಯಾಗದಲ್ಲಿ ಮೊದಲು ತೆಗೆದು ಮೊದಲು ಆಹುತಿ ಕೊಡುತ್ತಿದ್ದುದು ವಪೆಯನ್ನು, ಅಂದರೆ ಹೊಟ್ಟೆಯ ಮೇಲೆ ಬಲೆಯಂತೆ ಹರಡಿರುವ ಕೊಬ್ಬಿನ ಪೊರೆಯನ್ನು. ಗುಂಡಿಗೆಯನ್ನು ಶೂಲಕ್ಕೆ ಚುಚ್ಚಿ ಬೇಯಿಸುತ್ತಿದ್ದರು. ಐತರೇಯ ಬ್ರಾಹ್ಮಣದ ಏಳನೆಯ ಪಂಚಿಕೆಯ ಆರಂಭದಲ್ಲಿ ಪಶುವಿನ ಯಾವ ಭಾಗ ಯಾವ ಋತ್ವಿಜನಿಗೆ ಎಂಬ ಹಂಚಿಕೆಯೇ ಇದೆ. ನಾಲಿಗೆ ಸಮೇತ ದವಡೆಗಳು ಪ್ರಸ್ತೋತೃವಿಗೆ ಸಲ್ಲುತ್ತವೆ. ಪ್ರಾಚೀನ ಗ್ರೀಕರ ಬಲಿಯಲ್ಲೂ ಯಕೃತ್ತು, ಗುಂಡಿಗೆಗಳನ್ನು ಸುಟ್ಟು ಬಲಿಪೀಠದ ಬಳಿಯಿದ್ದವರು ಮೊದಲು ತಿನ್ನುತ್ತಿದ್ದರು. ಇವರಾರೂ ಮಾಂಸ ಸಿಗದೆ ಒಳಾಂಗ ತಿಂದವರಲ್ಲ. ಪಾಲು ಹಂಚುವ ಅಧಿಕಾರ ಯಾರ ಕೈಯಲ್ಲಿತ್ತೋ ಅವರು ಬೇಕಾದ್ದನ್ನು ಮೊದಲು ಇಟ್ಟುಕೊಂಡರು. ಅಧಿಕಾರವಿಲ್ಲದವರಿಗೆ ಉಳಿದದ್ದು ಸಿಕ್ಕಿತು. ಆ ಉಳಿದದ್ದು ಕೆಲವೆಡೆ ಕರುಳು, ಕೆಲವೆಡೆ ಕಾಲು, ಕೆಲವೆಡೆ ಸತ್ತ ದನ.

ಈ ಕೊನೆಯ ಮಾತಿಗೆ ಆಧಾರ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬಸವಕಲ್ಯಾಣದ ಪಕ್ಕದ ಉಮರ್ಗಾ ತಾಲ್ಲೂಕು ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಗೆ ಸೇರಿದೆ. ಅದೇ ಜಿಲ್ಲೆಯ ಶಾಹು ಪಾಟೋಳೆ 2015ರಲ್ಲಿ ಮರಾಠಿಯಲ್ಲಿ 'ಅನ್ನ ಹೇ ಅಪೂರ್ಣಬ್ರಹ್ಮ' ಎಂಬ ಪುಸ್ತಕ ಬರೆದರು. 2024ರಲ್ಲಿ ಅದು ಇಂಗ್ಲಿಷಿಗೂ ಬಂತು. ಮರಾಠವಾಡದ ಮಹಾರ, ಮಾಂಗ ಸಮುದಾಯಗಳ ಅಡುಗೆ ಅದರಲ್ಲಿದೆ: ನೆತ್ತರಿನ ಪದಾರ್ಥ, ಒಳಾಂಗಗಳ ಪದಾರ್ಥ, ಒಣಗಿಸಿಟ್ಟ ಮಾಂಸದ ಪಟ್ಟಿಗಳು. ಒಂದು ಕಾಲಕ್ಕೆ ಕಲ್ಯಾಣದ ಆಳ್ವಿಕೆಗೆ ಒಳಪಟ್ಟಿದ್ದ ಸೀಮೆಯಿಂದಲೇ ಬಂದ ಈ ಎರಡು ಪುಸ್ತಕಗಳನ್ನು ಒಟ್ಟಿಗೆ ಇಟ್ಟು ಓದಿದ ಬರಹ ನನ್ನ ಕಣ್ಣಿಗೆ ಬಿದ್ದಿಲ್ಲ. ಒಂದು ಸಂಸ್ಕೃತ ವಿಭಾಗದ ಸೊತ್ತು, ಇನ್ನೊಂದು ದಲಿತ ಸಾಹಿತ್ಯದ ಕಪಾಟಿನದು ಎಂದು ನಮ್ಮ ವಿದ್ಯಾಲಯಗಳು ಪಾಲು ಮಾಡಿಕೊಂಡಿವೆ.

ಒಟ್ಟಿಗೆ ಓದುವಾಗ ಎಚ್ಚರವೂ ಬೇಕು. ಅನ್ನಭೋಗದಲ್ಲಿ ಗೋಮಾಂಸವಿಲ್ಲ, ಪಾಟೋಳೆಯವರ ಜಗತ್ತಿನಲ್ಲಿ ಅದು ಮುಖ್ಯ. ಅರಸನ ಯಕೃತ್ತಿಗೆ ಮಸಾಲೆ, ಮೊಸರು ಒದಗಿದವು. ಇವರ ಒಲೆಗೆ ಎಣ್ಣೆಯೇ ದುರ್ಲಭವಾಗಿತ್ತು. ಅರಸನದು ಆಯ್ಕೆ, ಸತ್ತ ದನ ಹೊರುವುದು ಇವರ ಮೇಲೆ ಹೇರಿದ ಬಿಟ್ಟಿ ಚಾಕರಿ. 1927ರ ಮಾರ್ಚಿನಲ್ಲಿ ಮಹಾಡದ ಸಮಾವೇಶದಲ್ಲಿ ಅಂಬೇಡ್ಕರ್ ಸತ್ತ ದನದ ಮಾಂಸವನ್ನು ಬಿಡಲು ಕರೆಕೊಟ್ಟದ್ದು ಈ ಹೇರಿಕೆಯನ್ನು ಧಿಕ್ಕರಿಸಲು. ಆದ್ದರಿಂದ 'ನೋಡಿ, ರಾಜರೂ ಬೋಟಿ ತಿಂದರು, ಇನ್ನು ಅವಮಾನವೇಕೆ' ಎಂದು ಸಲೀಸಾಗಿ ಸಮಾಧಾನ ಹೇಳುವವರ ಜೊತೆ ನಾನಿಲ್ಲ. 1994ರಲ್ಲಿ ಲಂಡನ್ನಿನಲ್ಲಿ ಫರ್ಗಸ್ ಹೆಂಡರ್ಸನ್ ತೆರೆದ ಹೋಟೆಲಿನ ನಂತರ ಮೂಳೆಮಜ್ಜೆ, ಕರುಳುಗಳಿಗೆ ಹೊಸ ಪ್ರತಿಷ್ಠೆ ಬಂತು. ನಮ್ಮ ನಗರಗಳಲ್ಲೂ ಅದರ ಅನುಕರಣೆ ಶುರುವಾಗಿದೆ. ಅಡುಗೆಗೆ ಅದು ಒಳ್ಳೆಯದು. ಆದರೆ ಆ ಪ್ರತಿಷ್ಠೆ ಕರುಳು ತೊಳೆಯುವ ಕೈಗಳಿಗೆ ಇನ್ನೂ ತಲುಪಿಲ್ಲ.

ಇಲಿಯ ಪ್ರಸಂಗವನ್ನು ಚಿಕ್ಕದಾಗಿ ಮುಗಿಸುತ್ತೇನೆ; ಪತ್ರಿಕೆಗಳು 'ಇಲಿ ತಿಂದ ಅರಸ' ಎಂದು ಅದನ್ನು ಬೇಕಾದಷ್ಟು ಆಡಿಬಿಟ್ಟಿವೆ. ಗ್ರಂಥ ಹೇಳುವುದು ನದೀತೀರದ ಹೊಲಗಳ ಇಲಿಯನ್ನು. ಬಿಸಿ ಎಣ್ಣೆಯಲ್ಲಿ ಅದ್ದಿ ಕೂದಲು ಕಳೆದು, ಬಿಸಿನೀರಿನಲ್ಲಿ ತೊಳೆದು, ಹೊಟ್ಟೆ ಸೀಳಿ ಶುಚಿ ಮಾಡಿ, ಹುಳಿ-ಉಪ್ಪಿನಲ್ಲೋ ಕೆಂಡದಲ್ಲೋ ಬೇಯಿಸುವ ಕ್ರಮ ಯಕೃತ್ತು, ಹಂದಿಗಳ ಕ್ರಮಕ್ಕಿಂತ ಬೇರೆಯಲ್ಲ. ಬಿಹಾರದ ಮುಸಹರರು ಹೊಲದ ಇಲಿ ತಿಂದರೆ ಅದನ್ನು ಹಸಿವಿನ ಲಕ್ಷಣ ಎನ್ನುತ್ತೇವೆ, ಚಾಲುಕ್ಯ ಅರಸ ತಿಂದರೆ ಕುತೂಹಲದ ಸಂಗತಿ ಎನ್ನುತ್ತೇವೆ. ಎರಡು ತೀರ್ಪುಗಳನ್ನೂ ಕೊಟ್ಟವರು ಆ ಅಡುಗೆಯ ಕ್ರಮವನ್ನು ಓದಿದವರಲ್ಲ.

ಇಡ್ಡರಿಕಾದ ಶ್ಲೋಕವನ್ನು ಉಲ್ಲೇಖಿಸುವ ಪ್ರತಿಯೊಬ್ಬ ವಿದ್ವಾಂಸರಲ್ಲಿ ನನ್ನ ಕೋರಿಕೆ ಇಷ್ಟು: ಅಧ್ಯಾಯವನ್ನು ಪೂರ್ತಿ ಓದಿ. ಓದಿದ ಮೇಲೆ ಬಸವಕಲ್ಯಾಣ, ಬೀದರ, ಉಮರ್ಗಾಗಳ ಮಾಂಸದಂಗಡಿಗಳಲ್ಲಿ ಬೋಟಿ ತೊಳೆಯುವವರ ಬಳಿ ಕುಳಿತು, ನೀರಿನ ಹದವನ್ನು ಅವರು ಹೇಗೆ ಗುರುತಿಸುತ್ತಾರೆ, ಯಾವ ಅಂಗಕ್ಕೆ ಎಷ್ಟು ಬೆಂಕಿ ಕೊಡುತ್ತಾರೆ, ಯಾವ ಭಾಗ ಯಾರಿಗೆ ಸಲ್ಲುತ್ತಿತ್ತು ಎಂಬುದನ್ನು ಬರೆದುಕೊಳ್ಳಿ. ಈ ಕಸುಬನ್ನು ಬಲ್ಲ ಹಿರಿಯರು ಇರುವಾಗಲೇ ಆ ಕೆಲಸ ಆಗಬೇಕು.